25 ಅಂಕ 50 ಅಂಕವನ್ನು ನುಂಗುವುದು ಹೇಗೆ?

ಮಂಗಳೂರಿನ ಕೋರ್ಟಿನಲ್ಲಿ ತಲೆ ನರೆತ ವಕೀಲರೆಲ್ಲ ಕಕ್ಷಿದಾರರ ಪಾಲಿಗೆ ಸೀನಿಯರೇ. ಆದರೆ 1961ರ ವಕೀಲರ ಕಾಯ್ದೆಯ 16ನೇ ಕಲಂ ಪ್ರಕಾರ ‘ಹಿರಿಯ ವಕೀಲ’ ಎಂಬ ಪದವಿಗೆ ವಕೀಲರನ್ನು ಹೆಸರಿಸುವುದು ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್. ನರೆಗೂದಲು ಅಲ್ಲಿ ಲೆಕ್ಕಕ್ಕಿಲ್ಲ. ವಕೀಲೆ ಇಂದಿರಾ ಜೈಸಿಂಗ್ ಹೂಡಿದ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ನೂರು ಅಂಕಗಳ ಪದ್ಧತಿ ತಂದಿತು. 2023ರ ತಿದ್ದುಪಡಿಯ ನಂತರ ಅನುಭವಕ್ಕೆ 20, ವಾದಿಸಿದ ಪ್ರಕರಣಗಳ ತೀರ್ಪು, ಉಚಿತ ಸೇವೆ ಮುಂತಾದವಕ್ಕೆ 50, ಬರಹಕ್ಕೆ 5, ಸಂದರ್ಶನಕ್ಕೆ 25 ಅಂಕಗಳಿದ್ದವು.

ಸಂದರ್ಶನದ ತೂಕ ಕಾಲು ಭಾಗವಷ್ಟೇ ಎಂದು ಬಹಳ ಜನ ನಂಬಿದ್ದರು. ಲೆಕ್ಕ ಹಾಗೆ ನಡೆಯುವುದಿಲ್ಲ. ಕಂಬಳದಲ್ಲಿ ಓಡಬೇಕಾದ ಕರೆಯ, ಅಂದರೆ ಕೆಸರಿನ ಓಟದ ಹಾದಿಯ, ಉದ್ದ ಎಲ್ಲ ಜೋಡಿ ಕೋಣಗಳಿಗೂ ಒಂದೇ. ಗೆಲ್ಲಿಸುವುದು ಸಮಯದ ಅಂತರ. ಅಂಕಗಳಲ್ಲೂ ಗರಿಷ್ಠ ಎಷ್ಟು ಎಂಬುದು ಮುಖ್ಯವಲ್ಲ, ಅಭ್ಯರ್ಥಿಗಳ ನಡುವೆ ಹರವು ಎಷ್ಟು ಎಂಬುದು ಮುಖ್ಯ. ಇಪ್ಪತ್ತು ವರ್ಷ ದಾಟಿದವರಿಗೆಲ್ಲ ಅನುಭವದ ಪೂರ್ತಿ 20 ಸಿಕ್ಕರೆ ಆ ವಿಭಾಗ ಯಾರನ್ನೂ ಬೇರ್ಪಡಿಸುವುದಿಲ್ಲ. ಊಹಿಸಿಕೊಳ್ಳಿ: ಒಬ್ಬರಿಗೆ 20, 42, 3, 10, ಒಟ್ಟು 75. ಇನ್ನೊಬ್ಬರಿಗೆ 20, 37, 3, 20, ಒಟ್ಟು 80. ತೀರ್ಪುಗಳ ವಿಭಾಗದಲ್ಲಿ ಮುಂದಿದ್ದವರು ಅರ್ಧ ಗಂಟೆಯೂ ಹಿಡಿಯದ ಸಂದರ್ಶನದಲ್ಲಿ ಸೋತರು.

ಪರಿಹಾರ ಸಂಖ್ಯಾಶಾಸ್ತ್ರದಲ್ಲಿ ಹಳೆಯದೇ. ಪ್ರತಿ ವಿಭಾಗದಲ್ಲೂ ಅಭ್ಯರ್ಥಿಯ ಅಂಕದಿಂದ ಸರಾಸರಿಯನ್ನು ಕಳೆದು, ಅಂಕಗಳ ಹರವನ್ನು ಅಳೆಯುವ ಪ್ರಮಾಣ ವಿಚಲನೆಯಿಂದ ಭಾಗಿಸಿ, ಆಮೇಲೆ ತೂಕದಿಂದ ಗುಣಿಸಬೇಕು. ಸಂದರ್ಶಕರು ಪರಸ್ಪರ ಚರ್ಚಿಸುವ ಮೊದಲೇ ಅಂಕ ಬರೆದಿಡಬೇಕು. ಇಲ್ಲದಿದ್ದರೆ ಮೊದಲು ಮಾತಾಡಿದವರ ಅಭಿಪ್ರಾಯವೇ ಎಲ್ಲರ ಅಂಕವಾಗುತ್ತದೆ.

ಆಯ್ಕೆ ಮಾಡುವವರು ತಮಗೆ ಬೇಕಾದವರನ್ನೇ ಆರಿಸಬಹುದು, ಹಾಗಾಗಿ ಅಳತೆಯ ಬದಲು ಜ್ಯೇಷ್ಠತೆಯೇ ಸಾಕು ಎನ್ನುವವರ ಭಯವೂ ಸುಳ್ಳಲ್ಲ. ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿ ಹಾಕಿದ, ಎಡನೀರು ಮಠದ ಕೇಶವಾನಂದ ಭಾರತಿ ಪ್ರಕರಣದ ತೀರ್ಪು 1973ರ ಏಪ್ರಿಲ್ 24ರಂದು ಹೊರಬಿದ್ದ ಬೆನ್ನಿಗೇ, ಕಾರ್ಕಳ ಸೀಮೆಯ ಕೌಡೂರಿನ ಕೆ.ಎಸ್. ಹೆಗ್ಡೆ ಸೇರಿ ಜ್ಯೇಷ್ಠತೆಯಲ್ಲಿ ಮುಂದಿದ್ದ ಮೂವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನು ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಹೆಗ್ಡೆಯವರು ರಾಜೀನಾಮೆ ಕೊಟ್ಟರು. ಸೇರಿದ ದಿನಾಂಕವನ್ನು ಯಾರೂ ತಿರುಚಲಾರರು, ನಿಜ. ಆದರೆ ಸಾಮರ್ಥ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಂಕ ಪದ್ಧತಿಯನ್ನೇ ಕೈಬಿಟ್ಟಿತು. ಇನ್ನು ನ್ಯಾಯಮೂರ್ತಿಗಳೆಲ್ಲ ಸೇರಿದ ಪೂರ್ಣ ಸಭೆ ಒಮ್ಮತದಿಂದ, ಆಗದಿದ್ದರೆ ಮತದಿಂದ ತೀರ್ಮಾನಿಸಬೇಕು. ಜಿಲ್ಲಾ ನ್ಯಾಯಾಲಯಗಳ ವಕೀಲರನ್ನೂ ಪರಿಗಣಿಸಬೇಕು. ಉಡುಪಿಯಲ್ಲಿ ಸಾಕ್ಷಿಗಳ ಪಾಟೀಸವಾಲಿನಲ್ಲೇ ಜೀವನ ಸವೆಸಿದವರಿಗೆ ಇದು ಒಳ್ಳೆಯ ಸುದ್ದಿ. ಆದರೆ ಅವರ ಕೆಲಸ ಬೆಂಗಳೂರಿನ ನ್ಯಾಯಮೂರ್ತಿಗಳ ಕಣ್ಣಿಗೆ ಬೀಳುವುದು ಅಪರೂಪ. ಅವರು ನಡೆಸಿದ ಪಾಟೀಸವಾಲಿನ ದಾಖಲೆ, ಸಲ್ಲಿಸಿದ ಲಿಖಿತ ವಾದ ಮತದಾನಕ್ಕೆ ಮೊದಲೇ ಆ ಸಭೆಯ ಮೇಜಿಗೆ ಹೋಗಬೇಕು.