ಏರಿ ನಡೆಯುವವರಿಗೆ, ಹಿನ್ನೀರು ಹಕ್ಕಿಗಳಿಗೆ

ಬೆಂಗಳೂರಿನ ಯಾವುದೇ ಕೆರೆಯ ಪುನಶ್ಚೇತನದ ನಕ್ಷೆ ಕೈಗೆ ಬಂದರೂ ನನ್ನ ಕಣ್ಣು ಮೊದಲು ಹುಡುಕುವುದು ದಂಡೆಯ ಇಳಿಜಾರನ್ನು. ಹಿಂದಿನವರು ಕಟ್ಟಿದ ಕೆರೆಗೆ ಕಣಿವೆಯ ತಗ್ಗಿನ ತುದಿಯಲ್ಲಿ ಮಾತ್ರ ಏರಿ, ಅಂದರೆ ನೀರು ತಡೆಯುವ ಮಣ್ಣಿನ ದಿಬ್ಬ, ಇರುತ್ತಿತ್ತು. ತೂಬಿನ ಬಳಿ ನೀರು ಆಳವಾಗಿದ್ದರೆ, ರಾಜಕಾಲುವೆ ಬಂದು ಸೇರುವ ಮೇಲ್ಭಾಗದಲ್ಲಿ, ಅಂದರೆ ಹಿನ್ನೀರಿನಲ್ಲಿ, ಮೊಣಕಾಲುದ್ದವೂ ಇರದೆ, ಬೇಸಿಗೆ ಬಲಿತಂತೆ ಕೆರೆಯಂಗಳ ತೆರೆದುಕೊಳ್ಳುತ್ತಿತ್ತು. ಗದ್ದೆಗೊರವಗಳೂ ಮೆಟ್ಟುಗಾಲು ಹಕ್ಕಿಗಳೂ ಮೇಯುವುದು ಆ ಕೆಸರಂಚಿನಲ್ಲಿಯೇ.

ಹೂಳೆತ್ತುವ ಹೆಸರಿನಲ್ಲಿ ಇಡೀ ಅಂಗಳವನ್ನು ಒಂದೇ ಆಳಕ್ಕೆ ಬಗೆದು, ತೆಗೆದ ಮಣ್ಣನ್ನು ಸುತ್ತಲೂ ಏರಿಯಾಗಿ ಸುರಿದು, ಅದರ ಮೇಲೆ ನಡಿಗೆಯ ಹಾದಿ ಹಾಸಿದರೆ, ತಟ್ಟೆಯಂತಿದ್ದ ಕೆರೆ ಬಟ್ಟಲಾಗುತ್ತದೆ. ಕೆಸರಂಚು ಹೋಗುವುದಷ್ಟೇ ಅಲ್ಲದೆ, ಅಕ್ಕಪಕ್ಕದ ಇಳಿಜಾರಿನಿಂದ ಹರಿದು ಬರುವ ಮಳೆನೀರೂ ಈ ಸುತ್ತೇರಿಯ ಹೊರಗೇ ತಡೆದು ನಿಂತು ಬಡಾವಣೆಗೆ ನುಗ್ಗುತ್ತದೆ. ಚೆನ್ನಾಗಿ ಕಾಣಲೆಂದು, ತುಂಬಿದ ನೀರು ಹೊರಹರಿಯುವ ಕೋಡಿಯ ಮಟ್ಟ ಏರಿಸಿ ವರ್ಷವಿಡೀ ಕೆರೆಯನ್ನು ತುಂಬಿಟ್ಟರೆ ಪ್ರವಾಹಕ್ಕೆ ಜಾಗವೇ ಉಳಿಯುವುದಿಲ್ಲ.

ಆದ್ದರಿಂದ ನಡಿಗೆಯ ಹಾದಿಯನ್ನು ಪೂರ್ಣ ವೃತ್ತವಾಗಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಜನರು ಹಳೆಯ ಏರಿಯ ಮೇಲೆ ನಡೆದು ಹಿಂತಿರುಗಲಿ. ಹಿನ್ನೀರಿನ ಕಡೆ ದೂರದಿಂದ ನೋಡಲು ಒಂದು ಕಟ್ಟೆ ಸಾಕು, ರಾತ್ರಿ ದೀಪ ಬೇಡ. ಸಭೆಗಳಲ್ಲಿ ಇದಕ್ಕೆ ವಿರೋಧ ಬಂದೇ ಬರುತ್ತದೆ, ಏಕೆಂದರೆ ಸುತ್ತು ಹಾಕುವವರಿಗೆ ಬಂದ ದಾರಿಯಲ್ಲೇ ಮರಳುವುದು ಅರ್ಧ ನಡಿಗೆಯಂತೆ ತೋರುತ್ತದೆ.

ಹಿನ್ನೀರಿನ ಆ ಜಾಗವನ್ನು ಬಿಡಿಸಿಕೊಡುವುದಕ್ಕೆ ಇನ್ನೊಂದು ಕಾರಣ ಒಳಚರಂಡಿಯ ನೀರು. ಜಕ್ಕೂರು ಕೆರೆಯ ಮೇಲ್ದಂಡೆಯಲ್ಲಿ, ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಶುದ್ಧೀಕರಣ ಘಟಕದ ನೀರು ನೇರವಾಗಿ ಕೆರೆಗೆ ಇಳಿಯದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾದು ಬರುವ ವ್ಯವಸ್ಥೆಯಿದೆ. ಘಟಕ ದಾಟಿದ ನೀರಿನಲ್ಲೂ ಸಾರಜನಕ, ರಂಜಕ ಉಳಿದಿರುತ್ತವೆ. ಜೊಂಡು ಅವನ್ನು ಹೀರಿಕೊಳ್ಳುತ್ತದೆ. ಆದರೆ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ, ಅದು ಅಲ್ಲೇ ಕೊಳೆತು, ಹೀರಿದ್ದನ್ನು ನೀರಿಗೇ ಹಿಂತಿರುಗಿಸುತ್ತದೆ. ಕಲ್ಲು ಕಟ್ಟಲು ಟೆಂಡರ್ ಕರೆಯುವಷ್ಟು ಸುಲಭವಾಗಿ ಈ ಕೊಯ್ಲಿಗೆ ಹಣ ಹೊರಡುವುದಿಲ್ಲ.

ಕೆರೆಯಂಚಿನ ಹುಲ್ಲನ್ನು ಮೇವಿಗಾಗಿ ಕೊಯ್ಯುವವರು ಇದೇ ಕೆಲಸದ ಒಂದು ಪಾಲನ್ನು ಸಂಬಳವಿಲ್ಲದೆ ಮಾಡುತ್ತಾರೆ. ಆದರೂ ಬೇಲಿ ಹಾಕಿ ಗೇಟಿಗೆ ಬೀಗ ಜಡಿದಾಗ ಮೊದಲು ಹೊರಗುಳಿಯುವವರು ಅವರು, ಅವರ ಜೊತೆಗೆ ಮೀನುಗಾರರು. ಸಾರ್ವಜನಿಕ ಪ್ರವೇಶವೆಂದರೆ ಬೆಳಗಿನ ನಡಿಗೆ ಮಾತ್ರವೆಂದು ಭಾವಿಸಿದ ಯೋಜನೆ ಕೆರೆಯನ್ನು ಬಲ್ಲವರನ್ನೇ ಕಳೆದುಕೊಳ್ಳುತ್ತದೆ. ಕಾರ್ಖಾನೆಯ ತ್ಯಾಜ್ಯ ಸೇರುವ ಕೆರೆಯಲ್ಲಿ ಮಾತ್ರ, ಭಾರಲೋಹಗಳ ಪರೀಕ್ಷೆ ಆಗುವ ತನಕ ಅಲ್ಲಿನ ಹುಲ್ಲನ್ನು ದನಕ್ಕೆ ಹಾಕಲು ನಾನು ಒಪ್ಪುವುದಿಲ್ಲ. ಉಳಿದೆಡೆ ಕೊಯ್ಯುವ ಜಾಗ, ಗೂಡು ಕಟ್ಟುವ ತಿಂಗಳುಗಳ ಬಿಡುವು ಮತ್ತು ಗೇಟಿನ ಕೀಲಿ ಯಾರ ಬಳಿ ಇರಬೇಕೆಂಬುದನ್ನು ಮಣ್ಣಿನ ಕೆಲಸ ಆರಂಭವಾಗುವ ಮೊದಲೇ ಬರೆದಿಡಬೇಕು.