ಆರಿದ್ರಾ ನಕ್ಷತ್ರ ಮಾಡಿನ ಮರೆಗೆ ಸರಿಯುವ ಹೊತ್ತು

ಭೂಮಿ ತಿರುಗುತ್ತದೆ ಅಂತ ನನ್ನ ವಿದ್ಯಾರ್ಥಿಗಳೆಲ್ಲ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅದನ್ನು ಕಣ್ಣಾರೆ ನೋಡಿದವರು ಮಾತ್ರ ಕಡಿಮೆ. ಭೌತಶಾಸ್ತ್ರ ಹೇಳಿಕೊಡುವ ನಾನು ಅದಕ್ಕೇ ಶಿವಮೊಗ್ಗದ ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳಿಗೆ ಮೊದಲು ಜಗಲಿಯಲ್ಲಿ ಕೂರುವ ಕೆಲಸ ಕೊಡುತ್ತೇನೆ.

ಡಿಸೆಂಬರ್ ಮಧ್ಯದ ಒಂದು ರಾತ್ರಿ, ಎಂಟೂವರೆ ಸುಮಾರಿಗೆ, ಪೂರ್ವಕ್ಕೆ ಮುಖ ಮಾಡಿದ ಜಗಲಿಯಲ್ಲಿ ಲೈಟ್ ಆರಿಸಿ ಕೂತುಕೊಳ್ಳಿ. ಒಂದರ ಮೇಲೊಂದು ಸಾಲಾಗಿ ನಿಂತ ಮೂರು ನಕ್ಷತ್ರ ಕಾಣುತ್ತವೆ. ಅವುಗಳ ಎಡಕ್ಕೆ ಕೆಂಪಗೆ ಹೊಳೆಯುವುದೇ ಆರಿದ್ರಾ. ಅದು ಮಾಡಿನ ಅಂಚಿನ ಹತ್ತಿರ ಬರುವ ತನಕ ಕಾಯಿರಿ. ಆಮೇಲೆ ತಲೆಯನ್ನು ಗೋಡೆಗೆ ಒತ್ತಿ, ಒಂದು ಕಣ್ಣು ಮುಚ್ಚಿ. ಅಂಚಿಗೂ ನಕ್ಷತ್ರಕ್ಕೂ ನಡುವೆ ಚಾಚಿದ ಕೈಯ ಕಿರುಬೆರಳಿನ ಅಗಲದಷ್ಟು ಜಾಗ ಇದ್ದರೆ ಅದು ಸುಮಾರು ಒಂದು ಡಿಗ್ರಿ. ಅಲ್ಲಾಡಬೇಡಿ. ನಾಲ್ಕು ನಿಮಿಷ ಆಗುವಷ್ಟರಲ್ಲಿ ಆರಿದ್ರಾ ಹೆಂಚಿನ ಮರೆಗೆ ಹೋಗಿ ಪಟ್ಟನೆ ಮಾಯ.

ನಕ್ಷತ್ರ ಮೇಲೇರಿದ್ದಲ್ಲ. ಜಗಲಿ, ಮನೆ, ತೋಟ, ಗುಡ್ಡ ಎಲ್ಲವೂ ಪೂರ್ವಕ್ಕೆ ತಿರುಗಿದ್ದು. ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹೊರಟಾಗ ದಡವೇ ಹಿಂದೆ ಸರಿದ ಹಾಗೆ ಕಾಣುತ್ತದಲ್ವಾ? ಆರ್ಯಭಟ 499ರ ಸುಮಾರಿಗೆ ಇದೇ ದೋಣಿಯ ಮಾತನ್ನು ಹೇಳಿ, ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುವುದೂ ಹೀಗೇ ಎಂದಿದ್ದ. ನಮ್ಮ ಶಿವಮೊಗ್ಗ ಗಂಟೆಗೆ ಸುಮಾರು 1,620 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ವೇಗ ಒಂದೇ ಸಮ, ಗಾಳಿಯೂ ಜೊತೆಗೇ ತಿರುಗುತ್ತದೆ. ಹಾಗಾಗಿ ಮೈಗೆ ಏನೂ ಗೊತ್ತಾಗುವುದಿಲ್ಲ.

ಸೂರ್ಯ ಚಂದ್ರರು ಹುಟ್ಟಿ ಮುಳುಗುವುದಕ್ಕೂ ಇದೇ ಕಾರಣ. ಆದರೆ ಚಂದ್ರನಿಗೆ ತನ್ನದೇ ನಡಿಗೆಯೂ ಇದೆ. ನಕ್ಷತ್ರಗಳ ನಡುವೆ ಗಂಟೆಗೆ ತನ್ನ ಅಗಲದಷ್ಟು ಪೂರ್ವಕ್ಕೆ ಸರಿಯುತ್ತಾನೆ. ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದು ಅದರಿಂದಲೇ.

ಮರುದಿನ ಅದೇ ಜಾಗದಲ್ಲಿ ಕೂತು ಗಡಿಯಾರ ನೋಡಿ. ನನಗೆ ಬಹಳ ಇಷ್ಟವಾದ ಭಾಗ ಇದು. ಆರಿದ್ರಾ ನಾಲ್ಕು ನಿಮಿಷ ಮುಂಚೆಯೇ ಮರೆಯಾಗುತ್ತದೆ. ಭೂಮಿ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ ಸಾಕು. ಅಷ್ಟರಲ್ಲಿ ಅದು ಸೂರ್ಯನ ಸುತ್ತ ಸುಮಾರು ಒಂದು ಡಿಗ್ರಿ ಮುಂದೆ ಹೋಗಿರುತ್ತದೆ. ಸೂರ್ಯ ಮತ್ತೆ ನೆತ್ತಿಯ ನೇರಕ್ಕೆ ಬರಬೇಕಾದರೆ ಇನ್ನೂ ನಾಲ್ಕು ನಿಮಿಷ ತಿರುಗಬೇಕು. ಈ ನಾಲ್ಕು ನಿಮಿಷ ಸೇರಿ ಸೇರಿ ತಿಂಗಳಿಗೆ ಎರಡು ಗಂಟೆ ಆಗುತ್ತದೆ.

ನಮ್ಮ ರೈತರ ಮಳೆ ಲೆಕ್ಕ ನಿಂತಿರುವುದು ಇದರ ಮೇಲೆಯೇ. ಮಳೆ ನಕ್ಷತ್ರ ಅಂದರೆ ಆಗ ರಾತ್ರಿ ಕಾಣುವ ನಕ್ಷತ್ರ ಅಂದುಕೊಂಡವರು ಜಾಸ್ತಿ. ಅದು ಸೂರ್ಯ ಇರುವ ನಕ್ಷತ್ರ. ವರ್ಷವನ್ನು 27 ಪಾಲು ಮಾಡಿದರೆ ಒಂದಕ್ಕೆ ಹದಿಮೂರು ಹದಿನಾಲ್ಕು ದಿನ. ಜೂನ್ 21-22ರ ಹೊತ್ತಿಗೆ ಆರಿದ್ರಾ ಮಳೆ ಹಿಡಿಯುವಾಗ ಸೂರ್ಯ ಆ ಕೆಂಪು ನಕ್ಷತ್ರದ ದಿಕ್ಕಿನಲ್ಲೇ ಇರುತ್ತಾನೆ. ಹೆಚ್ಚುಕಮ್ಮಿ ಒಟ್ಟಿಗೇ ಹುಟ್ಟಿ ಒಟ್ಟಿಗೇ ಮುಳುಗುತ್ತವೆ. ಮೋಡ ಇಲ್ಲದಿದ್ದರೂ ಆಗ ಆರಿದ್ರಾ ಕಾಣುವುದಿಲ್ಲ. ಆಗಸ್ಟ್‌ನಲ್ಲಿ ಮಳೆ ಹೊಳವಾದ ದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಪೂರ್ವಕ್ಕೆ ನೋಡಿ, ಸಿಗುತ್ತದೆ.