ಬಿಸಿಲು ಸುಟ್ಟಷ್ಟೂ ಕರೆಂಟ್ ಜಾಸ್ತಿಯೇ?

ಪ್ರಶ್ನೆ: ಬಿಸಿಲು ಎಷ್ಟಿದೆ ಎಂದು ಪೈರಾನೋಮೀಟರ್ ಹೇಳುತ್ತದಲ್ಲ, ಬಿಸಿಲಿನ ಬಣ್ಣಗಳನ್ನು ಬೇರೆ ಬೇರೆ ಅಳೆಯುವ ಯಂತ್ರ ಯಾಕೆ ಬೇಕು?

ಪೈರಾನೋಮೀಟರ್ ಕೊಡುವುದು ಒಂದೇ ಸಂಖ್ಯೆ. ಚದರ ಮೀಟರಿಗೆ 800 ವ್ಯಾಟ್, 1000 ವ್ಯಾಟ್, ಹೀಗೆ. ದಿನಸಿ ಬಿಲ್ಲಿನಲ್ಲಿ ಒಟ್ಟು ಮೊತ್ತ ಮಾತ್ರ ಇದ್ದು, ಅಕ್ಕಿಗೆಷ್ಟು, ಬೇಳೆಗೆಷ್ಟು ಎಂದು ಇಲ್ಲದ ಹಾಗೆ. ಆ ವಿವರ ಕೊಡುವುದು ಸ್ಪೆಕ್ಟ್ರೋರೇಡಿಯೋಮೀಟರ್. ಬೆಳಕನ್ನು ಬಿಡಿಸಿ, ಯಾವ ತರಂಗಾಂತರದಲ್ಲಿ, ಅಂದರೆ ಯಾವ ಬಣ್ಣದಲ್ಲಿ, ಎಷ್ಟು ಶಕ್ತಿ ಇದೆ ಎಂದು ತೋರಿಸುತ್ತದೆ. ತರಂಗಾಂತರವನ್ನು ಅಳೆಯುವುದು ನ್ಯಾನೋಮೀಟರ್‌ನಲ್ಲಿ. ಸಿಲಿಕಾನ್ ಪ್ಯಾನೆಲ್‌ಗೆ ಸುಮಾರು 1100 ನ್ಯಾನೋಮೀಟರ್ ದಾಟಿದ ಬೆಳಕಿನಿಂದ ಕರೆಂಟ್ ಮಾಡಲು ಆಗುವುದಿಲ್ಲ. ಹಾಗಾಗಿ ವಿವರ ಬೇಕೇ ಬೇಕು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅದೇ ಮಾತು ಬರುತ್ತದೆ: "ಬಿಸಿಲು ಸುಟ್ಟಷ್ಟೂ ಕರೆಂಟ್ ಜಾಸ್ತಿ, ಅಲ್ವಾ?" ಅಲ್ಲ! ಪ್ಯಾನೆಲ್‌ಗೆ ಬೇಕಾಗಿರುವುದು ಬೆಳಕು, ಶಾಖ ಅಲ್ಲ. ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಆ 1100ರ ಆಚೆಗಿದೆ. ಅದರಿಂದ ಪ್ಯಾನೆಲ್ ಸುಮ್ನೆ ಬಿಸಿಯಾಗಬಹುದು, ಅಷ್ಟೇ. ನೀಲಿ ಬೆಳಕಿನಲ್ಲಿ ಸಿಲಿಕಾನ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಮಿಕ್ಕಿದ್ದು ಅಲ್ಲೂ ಶಾಖವೇ. ಪ್ಯಾನೆಲ್ ಬಿಸಿಯಾದಂತೆ ವೋಲ್ಟೇಜ್ ಇಳಿಯುತ್ತದೆ. ಪಾವಗಡದಲ್ಲಿ ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿಗೆ ಏರಿತು ಎಂದುಕೊಳ್ಳಿ. ಅದರ ಬೆನ್ನಿಗೆ ಅಂಟಿಸಿದ ಚೀಟಿಯ ಲೆಕ್ಕ 25 ಡಿಗ್ರಿಯದ್ದು. ಡಿಗ್ರಿಗೆ 0.35 ಶೇಕಡಾ ನಷ್ಟ ಹಿಡಿದರೆ 40 ಡಿಗ್ರಿಗೆ 14 ಶೇಕಡಾ ಹೋಯಿತು. 400 ವ್ಯಾಟ್ ಪ್ಯಾನೆಲ್ 344ಕ್ಕೆ ಬಂತು. ಬೆಳಕು ಅಷ್ಟೇ ಇದ್ದು ತಂಪು ಗಾಳಿ ಬೀಸಿದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ. ಈ ತಪ್ಪು ತಿಳಿವಳಿಕೆಗೆ ತಾರಸಿ ಮೇಲಿನ ಸೋಲಾರ್ ವಾಟರ್ ಹೀಟರೂ ಒಂದು ಕಾರಣ ಇರಬೇಕು. ಅದು ನಿಜಕ್ಕೂ ಶಾಖದಿಂದಲೇ ಕೆಲಸ ಮಾಡುತ್ತದೆ. ಪಕ್ಕದಲ್ಲೇ ಕೂತಿರುವ ಪ್ಯಾನೆಲ್‌ನ ದಾರಿ ಬೇರೆ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ. ಆ ಚೀಟಿಯ ಲೆಕ್ಕ ಯಾವ ಊರಿನ ಬಿಸಿಲಿನದ್ದು? ಎಎಂ 1.5 ಎಂಬ ಮಾದರಿ ಬಿಸಿಲಿನದ್ದು. ಅದರಲ್ಲಿ ಸೂರ್ಯ ದಿಗಂತದಿಂದ ಸುಮಾರು 42 ಡಿಗ್ರಿ ಮೇಲಿರುತ್ತಾನೆ. ಆ ಮಾದರಿಯನ್ನು ಕಟ್ಟಿದ್ದು ಅಮೆರಿಕದ ಸರಾಸರಿ ಹವೆಯನ್ನು ಇಟ್ಟುಕೊಂಡು. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಮಳೆಗಾಲದಲ್ಲಿ ಗಾಳಿಯ ತೇವವೂ ಬಹಳ ಜಾಸ್ತಿ. ಆ ನೀರಾವಿ 940 ನ್ಯಾನೋಮೀಟರ್ ಸುತ್ತಲಿನ ಬೆಳಕನ್ನು ಹೀರುತ್ತದೆ, 1100ರ ಆಚೆ ಇನ್ನೂ ಹೆಚ್ಚು ಹೀರುತ್ತದೆ. ಉಳಿದ ಬೆಳಕಿನಲ್ಲಿ ಸಿಲಿಕಾನ್‌ಗೆ ದಕ್ಕುವ ಪಾಲು ಏರುತ್ತದೆ. ಸಿಲಿಕಾನ್ ಬದಲು ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ವಸ್ತುವಿನಿಂದ ಮಾಡಿದ ಪ್ಯಾನೆಲ್‌ಗಂತೂ ಆ 940ರ ಬೆಳಕೂ ಬೇಡ, ಹಾಗಾಗಿ ಅದಕ್ಕೆ ಲಾಭ ಇನ್ನೂ ಹೆಚ್ಚು. ಮಂಗಳೂರಿನ ಜುಲೈನಲ್ಲಿ ಬರೀ ಪೈರಾನೋಮೀಟರ್ ಇಟ್ಟುಕೊಂಡು ಈ ಎರಡನ್ನೂ ಹೋಲಿಸಿದರೆ, ಹವೆಯಿಂದ ಬಂದ ಲಾಭವೂ ಪ್ಯಾನೆಲ್‌ನ ಗುಣದ ಲೆಕ್ಕಕ್ಕೆ ಸೇರಿಬಿಡುತ್ತದೆ.